ಪೈಲಟ್‌ಗಳನ್ನು ಉಳಿಸಿಕೊಳ್ಳುವ ತಿರುಗುಕುರ್ಚಿ

ಹೇಮಗುಡ್ಡ, ಕುಮ್ಮಟದುರ್ಗದ ಸೀಮೆಯಲ್ಲಿ ಗಂಡುಗಲಿ ಕುಮಾರರಾಮನ ಕಥೆ ಕೇಳದೆ ಬೆಳೆದವರು ವಿರಳ. ಅಲ್ಲಿನ ಹುಡುಗನೊಬ್ಬ ಇಂದು ಯುದ್ಧವಿಮಾನದ ಪೈಲಟ್ ಆಗಲು ಹೊರಟರೆ, ಮೊದಲು ಮಣಿಸಬೇಕಾದ ಎದುರಾಳಿ ಅವನ ಒಳಗಿವಿಯಲ್ಲೇ ಇರಬಹುದು.

ವಿಮಾನ ಗಿರಕಿ ಹೊಡೆಯುವಾಗ ಕಣ್ಣಿಗೆ ಕಾಣುವುದು ಕಾಕ್‌ಪಿಟ್‌ನ ಅಲುಗದ ಫಲಕ. ಒಳಗಿವಿಯ ದ್ರವ ಕೊಡುವ ಸುದ್ದಿಯೇ ಬೇರೆ. ಎರಡಕ್ಕೂ ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುತ್ತದೆ: ತಣ್ಣನೆ ಬೆವರು, ಬಿಳಿಚಿದ ಮುಖ, ವಾಂತಿ. ಮೊದಲ ಹಾರಾಟಗಳಲ್ಲಿ ಹಲವರನ್ನು ಕಾಡುವ ಈ ತೊಂದರೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದವರು ತರಬೇತಿಯಿಂದಲೇ ಹೊರಬೀಳಬಹುದು. ಇದು ಪುಕ್ಕಲುತನವಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು.

ಇಂಥವರ ನೆರವಿಗೆ ನಿಲ್ಲುವುದು ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 1957ರಲ್ಲಿ ಶುರುವಾದ ಈ ಸಂಸ್ಥೆಯನ್ನು ಜನ ಹೆಚ್ಚಾಗಿ ಬಲ್ಲದ್ದು ರಾಕೇಶ್ ಶರ್ಮಾ ಅವರಿಂದ ಗಗನಯಾನದವರೆಗಿನ ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳಿಂದ. ಸದ್ದಿಲ್ಲದೆ ನಡೆಯುವ ಅದರ ಇನ್ನೊಂದು ಕೆಲಸ, ಹೊಟ್ಟೆ ತೊಳಸುವ ಕೆಡೆಟ್‌ಗಳನ್ನು ಮತ್ತೆ ಹಾರಾಟಕ್ಕೆ ಅಣಿಗೊಳಿಸುವುದು.

ವಿಧಾನ ನೋಡಲು ಸರಳ. ಕೆಡೆಟ್‌ನನ್ನು ತಿರುಗುಕುರ್ಚಿಯಲ್ಲಿ ಕೂರಿಸಿ ಮೆಲ್ಲಗೆ ತಿರುಗಿಸುತ್ತಾರೆ. ತಿರುಗುತ್ತಲೇ ಅವನು ತಲೆಯನ್ನು ಅತ್ತಿತ್ತ ಬಾಗಿಸಬೇಕು. ವಾಕರಿಕೆ ಮೂಡುತ್ತಿದ್ದಂತೆ ಕುರ್ಚಿ ನಿಲ್ಲುತ್ತದೆ. ಸರದಿಯಿಂದ ಸರದಿಗೆ ವೇಗ ತುಸು ಏರುತ್ತದೆ. ಜೊತೆಗೆ ಉಸಿರನ್ನೂ ಸ್ನಾಯುಗಳನ್ನೂ ಸಡಿಲಿಸುವ ಅಭ್ಯಾಸ. ಮಿದುಳು ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಬ್ರಿಟನ್ನಿನ ವಾಯುಪಡೆಯೂ ಇಂಥದೇ ಕ್ರಮದಿಂದ ಬಹುಪಾಲು ಮಂದಿಯನ್ನು ಹಾರಾಟಕ್ಕೆ ಮರಳಿಸಿದೆ. ಒಗ್ಗಿದ್ದು ಬಳಕೆಯಿಲ್ಲದೆ ಮಾಸುವುದರಿಂದ ಕುರ್ಚಿಯಿಂದ ಎದ್ದವನು ಬೇಗ ವಿಮಾನ ಏರಬೇಕು. ಇಲ್ಲಿ ವೈದ್ಯರಷ್ಟೇ ಸಾಲದು, ಬೋಧಕನ ತಾಳ್ಮೆಯೂ ಬೇಕು.

ವಾಯುಪಡೆ ಇಷ್ಟು ಶ್ರಮ ಪಡುವುದಕ್ಕೆ ಕಾರಣವಿದೆ. ಮೈಸೂರಿನಲ್ಲಿರುವಂಥ ಆಯ್ಕೆ ಮಂಡಳಿಗಳಲ್ಲಿ ಪೈಲಟ್ ಯೋಗ್ಯತಾ ಪರೀಕ್ಷೆ ಎದುರಿಸಲು ಜೀವಮಾನದಲ್ಲಿ ಒಂದೇ ಅವಕಾಶ. ಅದನ್ನು ದಾಟಿ ಬಂದವನನ್ನು ಒಗ್ಗಿಸಬಹುದಾದ ವಾಕರಿಕೆಗಾಗಿ ಕಳೆದುಕೊಳ್ಳುವುದು ದೊಡ್ಡ ನಷ್ಟ.

ತರಬೇತಿಯಲ್ಲಿನ ತಡವರಿಕೆಗೆ ದೇಹವೊಂದೇ ಕಾರಣವಲ್ಲ, ಕಲಿಕೆಯ ಮೆಟ್ಟಿಲುಗಳ ನಡುವಿನ ಅಂತರವೂ ಹೌದು. ನಿಧಾನಗತಿಯ ತರಬೇತಿ ವಿಮಾನ ಕಿರಣ್‌ನಿಂದ ನೇರವಾಗಿ ಮಿಗ್-21ಕ್ಕೆ ಜಿಗಿಯಬೇಕಿದ್ದ ಕಾಲವೊಂದಿತ್ತು. ನಡುವೆ ಮುಂದುವರಿದ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ ಎಂಬತ್ತರ ದಶಕದಲ್ಲೇ ಹೇಳಿತ್ತು. ಅಂಥ 66 ಹಾಕ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಕಲ್ಯಾಣ ಕರ್ನಾಟಕದ ಬೀದರ್ ನೆಲೆಯಲ್ಲಿ ಅವು ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಇಷ್ಟೊಂದು ತಡವಾಗಬಾರದಿತ್ತು. ಈಗ ಯುದ್ಧವಿಮಾನದ ವೇಗವನ್ನು ಎಳೆಯ ಪೈಲಟ್ ಬೀದರ್‌ನ ಆಗಸದಲ್ಲೇ ಕಲಿಯುತ್ತಾನೆ, ಹಿಂದಿನ ಆಸನದಲ್ಲಿ ಬೋಧಕ ಕೂತಿರುವಾಗ.