ಕಪ್ಪೆಯ ಉಸಿರು

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಇರುಳು ರಾಮನಗರ ತಾಲ್ಲೂಕಿನ ಕೈಲಾಂಚದ ಸುತ್ತಲಿನ ಹೊಲಗದ್ದೆಗಳು ದನಿಗೂಡುತ್ತವೆ. ಬಂಡೆಗಳ ನಡುವಣ ಹೊಂಡಗಳಲ್ಲಿ, ಕೆರೆಯಂಗಳದಲ್ಲಿ, ಬದುಗಳ ಮಗ್ಗುಲಲ್ಲಿ ಕಪ್ಪೆಗಳ ವಟವಟ ಸದ್ದು ಬೆಳಗಿನವರೆಗೂ ನಿಲ್ಲುವುದಿಲ್ಲ. ನಿನ್ನೆಯವರೆಗೆ ಒಣಗಿ ಬಿರಿದಿದ್ದ ನೆಲದಲ್ಲಿ ಇಷ್ಟೊಂದು ಕಪ್ಪೆಗಳು ಎಲ್ಲಿದ್ದವು? ಮಣ್ಣಿನೊಳಗೆ ಹುದುಗಿದ್ದಾಗ ಅವು ಉಸಿರಾಡುತ್ತಿದ್ದುದಾದರೂ ಹೇಗೆ?

ಮನುಷ್ಯನು ಉಸಿರೆಳೆದುಕೊಂಡಾಗ ಪಕ್ಕೆಲುಬುಗಳು ಮೇಲೇಳುತ್ತವೆ, ವಪೆಯು ಕೆಳಗಿಳಿಯುತ್ತದೆ, ಎದೆಗೂಡು ಹಿಗ್ಗುತ್ತದೆ. ಕಪ್ಪೆಗಾದರೋ ವಪೆಯೂ ಇಲ್ಲ, ಎದೆಯನ್ನು ಹಿಗ್ಗಿಸಬಲ್ಲ ಪಕ್ಕೆಲುಬುಗಳೂ ಇಲ್ಲ. ಆ ಕೆಲಸವನ್ನು ಅದರ ಬಾಯಿಯೇ ಮಾಡುತ್ತದೆ. ಕಮ್ಮಾರನ ತಿದಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ಕಪ್ಪೆಯು ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಮೂಗಿನ ಹೊಳ್ಳೆಗಳನ್ನು ತೆರೆದು, ಗಂಟಲಿನ ತಳವನ್ನು ಕೆಳಗಿಳಿಸುತ್ತದೆ. ಆಗ ಹೊರಗಿನ ಗಾಳಿ ಹೊಳ್ಳೆಗಳ ಮೂಲಕ ಬಾಯಿಯೊಳಗೆ ನುಗ್ಗುತ್ತದೆ. ಬಳಿಕ ಶ್ವಾಸಕೋಶದ ದ್ವಾರ ತೆರೆದು, ಒಳಗಿನ ಹಳೆಯ ಗಾಳಿ ಅದೇ ಹೊಳ್ಳೆಗಳಿಂದ ಹೊರಬೀಳುತ್ತದೆ. ಮರುಕ್ಷಣವೇ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ. ಗಂಟಲಿನ ತಳ ಮೇಲೇರುತ್ತದೆ. ಬಾಯಿಯಲ್ಲಿದ್ದ ಗಾಳಿ ಬೇರೆ ದಾರಿಯಿಲ್ಲದೆ ಶ್ವಾಸಕೋಶವನ್ನು ಸೇರುತ್ತದೆ. ಹೀಗೆ ಕಪ್ಪೆಯು ಗಾಳಿಯನ್ನು ಎಳೆದುಕೊಳ್ಳುವುದಕ್ಕಿಂತ ಹೆಚ್ಚಾಗಿ ನುಂಗುತ್ತದೆ ಎನ್ನಬಹುದು. ಹೊಳ್ಳೆಗಳು ಅದರ ತಿದಿಯ ಕವಾಟಗಳು. ಬಾಯಿ ತೆರೆದೇ ಇದ್ದರೆ ಈ ತಿದಿ ಕೆಲಸ ಮಾಡದು. ಮನುಷ್ಯನಿಗೆ ಬಾಯಿ ತೆರೆದರೆ ಉಸಿರಾಟ ಸುಲಭ. ಕಪ್ಪೆಗೆ ಅದೇ ತೊಡಕು.

ಕುಳಿತ ಕಪ್ಪೆಯ ಗಂಟಲು ಸದಾ ಮಿಡಿಯುತ್ತಿರುವುದನ್ನು ಯಾರೂ ಕಾಣಬಹುದು. ಆ ಪ್ರತಿಯೊಂದು ಮಿಡಿತವೂ ಶ್ವಾಸಕೋಶದ ಉಸಿರಲ್ಲ. ಹಲವು ಮಿಡಿತಗಳಲ್ಲಿ ಗಾಳಿಯು ಬಾಯಿಯವರೆಗೆ ಮಾತ್ರ ಬಂದು ಹೋಗುತ್ತದೆ. ಇದರಿಂದ ವಾಸನೆಯನ್ನು ಗ್ರಹಿಸಲು ಅನುಕೂಲವಾಗುತ್ತದೆ. ಬಾಯಿಯ ಒದ್ದೆಯಾದ ಒಳಪೊರೆಯೂ ಸ್ವಲ್ಪ ಆಮ್ಲಜನಕವನ್ನು ಹೀರುತ್ತದೆ. ಹೊಳ್ಳೆಗಳು ತಲೆಯ ಮೇಲುಭಾಗದಲ್ಲಿರುವುದರಿಂದ, ಕಪ್ಪೆಯು ಮೈಯನ್ನೆಲ್ಲ ನೀರಿನಲ್ಲಿ ಮುಳುಗಿಸಿ ಕಣ್ಣು, ಮೂಗುಗಳನ್ನಷ್ಟೇ ಹೊರಗಿಟ್ಟು ತೇಲಬಲ್ಲದು. ಮುಳುಗಿದಾಗ ಹೊಳ್ಳೆಗಳನ್ನು ಮುಚ್ಚಿಕೊಳ್ಳುತ್ತದೆ. ಗಂಡು ಕಪ್ಪೆ ಕೂಗುವಾಗಲೂ ಬಾಯಿ, ಮೂಗುಗಳೆರಡೂ ಮುಚ್ಚಿರುತ್ತವೆ. ಗಾಳಿಯು ಶ್ವಾಸಕೋಶಕ್ಕೂ ಗಂಟಲಿನ ಚೀಲಕ್ಕೂ ನಡುವೆ ಓಡಾಡಿ ಸ್ವರವನ್ನು ಹೊರಡಿಸುತ್ತದೆ.

ಕಪ್ಪೆಯ ಇನ್ನೊಂದು ಉಸಿರಾಟದ ಅಂಗವೆಂದರೆ ಚರ್ಮ. ಅದು ತೆಳ್ಳಗಿದ್ದು, ಲೋಳೆಯಿಂದ ಸದಾ ಒದ್ದೆಯಾಗಿರುತ್ತದೆ. ಅದರಡಿಯಲ್ಲಿ ಸೂಕ್ಷ್ಮ ರಕ್ತನಾಳಗಳ ಬಲೆ ಹರಡಿರುತ್ತದೆ. 1904ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಆಗಸ್ಟ್ ಕ್ರೋಗ್ ಕಪ್ಪೆಯ ಚರ್ಮ ಮತ್ತು ಶ್ವಾಸಕೋಶಗಳ ಉಸಿರಾಟವನ್ನು ಬೇರೆ ಬೇರೆಯಾಗಿ ಅಳೆದು, ಇಂಗಾಲದ ಡೈಆಕ್ಸೈಡಿನ ಬಹುಪಾಲು ಚರ್ಮದ ಮೂಲಕವೇ ಹೊರಹೋಗುವುದೆಂದು ತೋರಿಸಿದನು. ಬೇಸಗೆಯಲ್ಲಿ ಮಣ್ಣಿನಡಿ ನಿಶ್ಚಲವಾಗಿ ಮಲಗಿದ ಗೋಂಕರು ಕಪ್ಪೆಗೆ ಬೇಕಾಗುವ ಆಮ್ಲಜನಕ ಬಲು ಕಡಮೆ. ಆಗ ತೇವವಾದ ಚರ್ಮವೇ ಅದರ ಜೀವವನ್ನು ಬಹುಮಟ್ಟಿಗೆ ಕಾಯುತ್ತದೆ. ಮೊದಲಲ್ಲಿ ಕಂಡ ಪ್ರಶ್ನೆಗೆ ಉತ್ತರ ಇದು.

ಆದರೆ ಗಾಳಿಗೆ ತೆರೆದ ಬಾಗಿಲು ವಿಷಕ್ಕೂ ತೆರೆದೇ ಇರುತ್ತದೆ. ಹೊಲಕ್ಕೆ ಸಿಂಪಡಿಸಿದ ಕೀಟನಾಶಕವು ಮಳೆನೀರಿನೊಡನೆ ಹೊಂಡ ಸೇರಿದರೆ, ಕಪ್ಪೆಯು ಅದನ್ನು ಕುಡಿಯಬೇಕಾಗಿಲ್ಲ, ಚರ್ಮವೇ ಹೀರಿಕೊಳ್ಳುತ್ತದೆ. ಬೆಳೆಗೆ ಮುತ್ತುವ ಹುಳುಗಳನ್ನು ಕೂಲಿ ಕೇಳದೆ ತಿಂದು ತೆಗೆಯುವ ಪ್ರಾಣಿ, ಹುಳುಗಳಿಗೆಂದು ಇಟ್ಟ ವಿಷಕ್ಕೆ ತಾನೇ ತುತ್ತಾಗುತ್ತದೆ. ಒಂದು ಕಾಲದಲ್ಲಿ ಕಪ್ಪೆಯ ಕಾಲುಗಳನ್ನು ಆಹಾರಕ್ಕಾಗಿ ಈ ದೇಶದಿಂದ ಹೊರನಾಡುಗಳಿಗೆ ಕಳುಹಿಸಲಾಗುತ್ತಿತ್ತು. 1987ರಲ್ಲಿ ಭಾರತ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಕಾನೂನು ಬಲೆಯಿಂದ ಕಾಪಾಡಬಹುದು. ಕೆಟ್ಟ ನೀರಿನಿಂದ ಕಾಪಾಡಬೇಕಾದವರು ಕೆರೆಯ ದಡದಲ್ಲಿ ಬಾಳುವವರೇ.

ಮಳೆ ತಡವಾದಾಗ ಕಪ್ಪೆಗಳಿಗೆ ಮದುವೆ ಮಾಡಿಸುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಉಂಟು. ಕಪ್ಪೆಗೂ ನೀರಿಗೂ ಇರುವ ನಂಟನ್ನು ಹಿರಿಯರು ಹೀಗೆ ಕಂಡರು. ಆ ನಂಟು ಉಸಿರಿನದು ಎಂಬುದನ್ನು ವಿಜ್ಞಾನ ತಿಳಿಸಿದೆ. ಮಳೆಯ ಇರುಳು ಕಪ್ಪೆಗಳ ದನಿ ಕೇಳಿಬರುತ್ತಿರುವಷ್ಟು ಕಾಲ ಊರಿನ ನೀರಿನಲ್ಲಿ ಇನ್ನೂ ಜೀವವಿದೆ ಎಂದು ತಿಳಿಯಬಹುದು.