ಟ್ರೌಟ್ ಅಲ್ಲ, ಗೆಂಡೆ: ಎರಿ ಸೀಮೆಯ ಹಿತ್ತಲಲ್ಲಿ ಚಳಿಗಾಲದ ಮೀನು, ಪಲ್ಲೆ

ನಮ್ಮದು ಸವದತ್ತಿ-ಮುನವಳ್ಳಿ ನಡುವಿನ ಊರು. ಎಂಟು ಎಕರೆ ಎರಿ ಹೊಲ, ಪೂರಾ ಮಳೆ ನಂಬಿದ್ದು. ನವಿಲುತೀರ್ಥದ ಡ್ಯಾಮು ಹತ್ತಿರವೇ ಇದ್ದರೂ ಕಾಲುವೆ ನೀರು ನಮ್ಮ ದಿನ್ನೆಗೆ ಹತ್ತುವುದಿಲ್ಲ. ಹಿಂಗಾರಿಗೆ ಬಿಳಿಜ್ವಾಳ, ಕಡಲಿ, ಅಕ್ಕಡಿಗೆ ಕುಸುಬಿ. ಕಡಲಿ ಚಿಗುರು ಇರುವತನಕ ಪಲ್ಲೆಗೆ ಚಿಂತೆಯಿಲ್ಲ, ಆಮೇಲೆ ಸಂತಿಯದೇ ಗತಿ.

ಐದಾರು ವರ್ಷದ ಹಿಂದೆ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಯಾವುದೋ ಥಂಡಿ ದೇಶದಾಂವ ಹಿತ್ತಲಿನ ಟಾಕಿಯಲ್ಲಿ ಟ್ರೌಟ್ ಮೀನು ಸಾಕಿ, ಅದೇ ನೀರನ್ನು ಖಡಿ ತುಂಬಿದ ಮಡಿಗೆ ಹರಿಸಿ ಚಳಿಗಾಲವಿಡೀ ಸೊಪ್ಪು ಬೆಳೆಯುತ್ತಿದ್ದ. ಮಣ್ಣಿಲ್ಲ, ಗೊಬ್ಬರವಿಲ್ಲ, ನೀರು ತಿರುಗಿ ಟಾಕಿಗೇ ಬರುತ್ತದೆ. "ಅಪ್ಪಾ, ನಾವೂ ಮಾಡೂಣು" ಅಂದ. ನನಗೆ ಹಿಡಿಸಿದ್ದು ಮೀನಲ್ಲ, ನೀರು ತಿರುಗಿ ಬರುತ್ತದೆಂಬ ಮಾತು.

ಟ್ರೌಟ್ ನಮ್ಮಲ್ಲಿ ಆಗದು, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಹತ್ತರಿಂದ ಹದಿನೆಂಟು ಡಿಗ್ರಿಯ ತಣ್ಣನೆ ನೀರು ಬೇಕು, ಇಪ್ಪತ್ತು ದಾಟಿದರೆ ಒದ್ದಾಡುತ್ತದೆ. ಕಾಶ್ಮೀರದ ಕೋಕರ್‌ನಾಗ್, ಹಿಮಾಚಲದ ಪಟ್ಲಿಕುಹಲ್, ನಮಗೆ ಹತ್ತಿರವೆಂದರೆ ನೀಲಗಿರಿ, ಇಂಥಲ್ಲಿ ಅದು ಬದುಕುತ್ತದೆ. ನಮ್ಮ ಕಡೆ ಎಳ್ಳ ಅಮಾಸಿ ಹೊತ್ತಿಗೆ ಬೆಳಗಿನ ಜಾವ ಹನ್ನೆರಡು-ಹದಿನಾಲ್ಕು ಡಿಗ್ರಿಗೆ ಇಳಿದರೂ, ಮಧ್ಯಾಹ್ನ ಟಾಕಿ ನೀರು ಇಪ್ಪತ್ತೆರಡಕ್ಕೆ ಬಂದು ನಿಲ್ಲುತ್ತದೆ. ಬ್ಯಾಸಿಗಿಯ ಮಾತಂತೂ ಬೇಡ.

2021ರಲ್ಲಿ ನಾನು ತಂದದ್ದು ಪಂಗಾಸಿಯಸ್. ಬೇಗ ಬೆಳೆಯುತ್ತದೆ, ಗಟ್ಟಿ ಮೀನು ಎಂದು ಮಾರುವವನು ಹೇಳಿದ. ಐವತ್ತು ಮರಿ ಬಿಟ್ಟೆ. ದೀಪಾವಳಿತನಕ ಚಂದ ಇದ್ದವು. ಚಳಿ ಬಿದ್ದ ಮೇಲೆ ತಿನ್ನುವುದನ್ನು ಬಿಟ್ಟವು. ಪಾಪ, ಹಸದಾವು ಎಂದು ಮೊದಲಿನಂತೆಯೇ ಎರಡು ಮುಷ್ಟಿ ಕಾಳು ಹಾಕುತ್ತಾ ಹೋದೆ. ತಿನ್ನದ ಕಾಳು ತಳದಲ್ಲಿ ಕೊಳೆಯಿತು. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಬಂತು. ಎಳ್ಳ ಅಮಾಸಿ ಚರಗ ಚೆಲ್ಲಿ ಹೊಲದಿಂದ ಬರುವಷ್ಟರಲ್ಲಿ ಅರ್ಧ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೂರು ದಿನದಲ್ಲಿ ಎಲ್ಲ ಮುಗಿಯಿತು.

ನಮ್ಮ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ. ಅವ್ವ ಮೊದಲೇ ಬೇಡವೆಂದಿದ್ದಳು. ಅವತ್ತು ಬೈಯಲಿಲ್ಲ. "ತಿನ್ನಾಕೂ ಅಲ್ಲ, ಮಾರಾಕೂ ಅಲ್ಲ, ಸುಮ್ಮನ ಐವತ್ತು ಜೀವ ತಗದಿ ತಮ್ಮಾ" ಅಂದು ಒಳಗೆ ಹೋದಳು. ತಿಂಗಳುಗಟ್ಟಲೆ ಹಿತ್ತಲ ಕಡೆ ಕಾಲಿಡಲಿಲ್ಲ. ದುಡ್ಡು ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಟಾಕಿ ಒಡೆಯಬೇಕೆಂದೇ ಇದ್ದೆ. ಆದರೆ ತಪ್ಪು ಎಲ್ಲಿ ಆಯಿತು ಎಂದು ತಿಳಿಯದೆ ಒಡೆಯಲು ಮನಸ್ಸಾಗಲಿಲ್ಲ.

ತಪ್ಪು ತಿಳಿದದ್ದು ಹೀಗೆ. ಮೀನಿನ ಹೊಲಸಿನಿಂದ, ಕೊಳೆತ ಕಾಳಿನಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಖಡಿಯ ಮೈಗೆ ಅಂಟಿಕೊಂಡು ಬದುಕುವ ಒಂದು ಜಾತಿಯ ಸೂಕ್ಷ್ಮಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಈ ನೈಟ್ರೇಟ್ ಗಿಡಕ್ಕೆ ಊಟ. ಅಂದರೆ ಮೀನು, ಗಿಡ ಎರಡೇ ಅಲ್ಲ, ನಡುವೆ ಕಣ್ಣಿಗೆ ಕಾಣದ ಆಳುಗಳಿದ್ದಾರೆ. ಚಳಿಯಾದರೆ ಈ ಆಳುಗಳ ಕೆಲಸ ನಿಧಾನ. ಚಳಿಗಾಲದಲ್ಲಿ ಹಾಲು ಹೆಪ್ಪಾಗುವುದು ತಡವಲ್ಲವೇ, ಹಾಗೆ. ಆಳು ನಿಧಾನವಾದಾಗ ನಾನು ಕೆಲಸ ಹೆಚ್ಚು ಮಾಡಿದ್ದೆ.

ಎರಡನೆಯದು ನಮ್ಮ ನೀರು. ಬೋರಿನ ನೀರಿನ ಪಿಎಚ್ 8.3 ಇತ್ತು. ನೀರು ಬೆಚ್ಚಗಿದ್ದಾಗ ಈ ಪಿಎಚ್‌ನಲ್ಲಿ, ಇರುವ ಅಮೋನಿಯಾದಲ್ಲಿ ನೂರಕ್ಕೆ ಹತ್ತು ಭಾಗ ಕಡುವಿಷದ ರೂಪದಲ್ಲಿರುತ್ತದೆ. ಪಿಎಚ್ 7ಕ್ಕೆ ಬಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಒಂದೇ ಹೊಲಸು, ನೀರು ನೋಡಿಕೊಂಡು ವಿಷ. ಲಿಂಬಿಹಣ್ಣು ಹಿಂಡಿ ಇಳಿಸಲು ನೋಡಿದೆ, ಮರುದಿನ ಮತ್ತೆ ಏರಿತು. ನೀರಿನಲ್ಲೇ ಸುಣ್ಣ ಇರುವಾಗ ಲಿಂಬಿಹಣ್ಣು ಎಷ್ಟು ಹಿಂಡುವುದು! ಕಡೆಗೆ ಮಾಳಿಗೆಯ ಮಳೆನೀರು ಹಿಡಿದು ಅರ್ಧಕ್ಕರ್ಧ ಬೆರೆಸಿದೆ. 7.6ಕ್ಕೆ ಬಂತು. ಆಮೇಲೆ ಸೂಕ್ಷ್ಮಜೀವಿಗಳ ಕೆಲಸದಿಂದಲೇ ಇನ್ನಷ್ಟು ಇಳಿಯಿತು.

ಖಡಿಯಲ್ಲೂ ಮೋಸವಿದೆ. ರಾಮದುರ್ಗ, ಯಾದವಾಡ, ಲೋಕಾಪುರ ಭಾಗದಲ್ಲಿ ಸುಣ್ಣದ ಕಲ್ಲು ಬಹಳ. ಆ ಖಡಿ ಹಾಕಿದರೆ ಪಿಎಚ್ ಎಂದೂ ಇಳಿಯದು. ಖಡಿಯ ಮೇಲೆ ಲಿಂಬಿಹಣ್ಣಿನ ರಸ ಬಿಡಿರಿ, ಬುರುಗು ಬಂದರೆ ಬೇಡ. ಕರಿಕಲ್ಲಿನ ಖಡಿ ಒಳ್ಳೆಯದು. ಅರ್ಧದಿಂದ ಮುಕ್ಕಾಲು ಇಂಚಿನದು ಸಾಕು. ಧೂಳು ಹೋಗುವತನಕ ತೊಳೆಯಬೇಕು. ನಮ್ಮ ಮನೆಯವರು ಎರಡು ದಿನ ತೊಳೆದರು, ಅದರ ಕೂಲಿ ನಾನು ಲೆಕ್ಕಕ್ಕೆ ಹಿಡಿದಿಲ್ಲವೆಂದು ಈಗಲೂ ಅನ್ನುತ್ತಾರೆ.

ನನ್ನ ಟಾಕಿ ಇಟ್ಟಂಗಿಯದು. ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಒಂದು ಮೀಟರ್ ಆಳ, ಅರ್ಧ ನೆಲದೊಳಗೆ. ನೆಲದೊಳಗಿದ್ದರೆ ರಾತ್ರಿ ಬೇಗ ತಣ್ಣಗಾಗುವುದಿಲ್ಲ. ನೀರು 2,700 ಲೀಟರ್ ಹಿಡಿಯುತ್ತದೆ. ಹೊಸ ಸಿಮೆಂಟಿನ ಸುಣ್ಣ ಬಿಡಲು ಮೂರ್ನಾಲ್ಕು ಸಲ ನೀರು ತುಂಬಿ ಚೆಲ್ಲಿದೆ. ಮಗ್ಗುಲಲ್ಲಿ ಒಂದು ಅಡಿ ಆಳದ ಎರಡು ಖಡಿ ಮಡಿ, ಒಂದೊಂದು ಎಂಟು ಅಡಿ ಉದ್ದ, ಮೂರು ಅಡಿ ಚಿಲ್ಲರೆ ಅಗಲ. ನಲವತ್ತು ವ್ಯಾಟಿನ ಪಂಪು ನೀರನ್ನು ಮಡಿಗೆ ಏರಿಸುತ್ತದೆ, ಅದು ಖಡಿಯೊಳಗೆ ಸೋಸಿ ಟಾಕಿಗೆ ಇಳಿಯುತ್ತದೆ. ಮೇಲಿನ ಒಂದು ಇಂಚು ಖಡಿ ಒಣಗಿರಬೇಕು, ಇಲ್ಲದಿದ್ದರೆ ಪಾಚಿ ಕಟ್ಟಿ ಗಿಡದ ಕಂಠ ಕೊಳೆಯುತ್ತದೆ.

2022ರಿಂದ ಸಾಮಾನ್ಯ ಗೆಂಡೆ ಬಿಡುತ್ತಿದ್ದೇನೆ. ಚಳಿ ತಡೆಯುವ ಜಾತಿ. ನಲವತ್ತೇ ಮರಿ. ಟಾಕಿ ದೊಡ್ಡದಿದೆ ಎಂದು ನೂರು ಬಿಡಬೇಡಿರಿ, ಕರೆಂಟು ಹೋದ ರಾತ್ರಿ ಗೊತ್ತಾಗುತ್ತದೆ. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಗಾಳಿಪಂಪು ಇಟ್ಟಿದ್ದೇನೆ. ತಣ್ಣನೆ ನೀರು ಬಿಸಿ ನೀರಿಗಿಂತ ಹೆಚ್ಚು ಗಾಳಿ ಹಿಡಿದುಕೊಳ್ಳುತ್ತದೆ, ಚಳಿಯಲ್ಲಿ ಮೀನಿಗೂ ಕಡಿಮೆ ಸಾಕು, ಹಾಗಾಗಿ ಚಳಿಗಾಲದಲ್ಲಿ ಅಪಾಯ ಸ್ವಲ್ಪ ಕಡಿಮೆ. ಎಪ್ರಿಲ್ ಬಂದರೆ ಲೆಕ್ಕವೇ ಬೇರೆ. ಅದಕ್ಕೇ ಹೋಳಿ ಹುಣ್ಣಿಮೆ ಆದ ಮೇಲೆ ಮೀನು ಇಟ್ಟುಕೊಳ್ಳುವುದಿಲ್ಲ.

ಗಣೇಶ ಚೌತಿ ಹೊತ್ತಿಗೆ ಹತ್ತು ಮರಿ ಬಿಟ್ಟು ಅಷ್ಟಷ್ಟೇ ಕಾಳು ಹಾಕಬೇಕು. ಖಡಿಯಲ್ಲಿ ಜೀವ ಕೂಡಲು ತಿಂಗಳ ಮೇಲಾಗುತ್ತದೆ, ಬಿಸಿಲಿರುವಾಗಲೇ ಇದು ಮುಗಿಯಬೇಕು. ಅಲಂಕಾರ ಮೀನಿನ ಅಂಗಡಿಯಲ್ಲಿ ಪರೀಕ್ಷೆ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಕಂಡ ಮೇಲೆ ಉಳಿದ ಮರಿ ಬಿಡಿರಿ. ಅಕ್ಟೋಬರಿನಲ್ಲಿ ನಲವತ್ತು ಮರಿ ಸೇರಿ ನಾಲ್ಕು ಕೆಜಿ ಇದ್ದರೆ ದಿನಕ್ಕೆ ನೂರು ಗ್ರಾಂ ಕಾಳು. ನೀರು ಇಪ್ಪತ್ತು ಡಿಗ್ರಿಗಿಂತ ಇಳಿದರೆ ಮೈತೂಕದ ನೂರಕ್ಕೆ ಒಂದರಷ್ಟೇ, ಅದೂ ಮಧ್ಯಾಹ್ನ ಒಂದೇ ಹೊತ್ತು. ಹದಿನೈದಕ್ಕೆ ಬಂದ ದಿನ ಏನೂ ಹಾಕುವುದಿಲ್ಲ. ಹತ್ತು ನಿಮಿಷದಲ್ಲಿ ತಿನ್ನದ್ದನ್ನು ಜಾಳಿಗೆಯಿಂದ ತೆಗೆಯುತ್ತೇನೆ.

ರಾತ್ರಿ ಟಾಕಿಗೆ ಗೋಣಿತಾಟು, ಅದರ ಮೇಲೆ ಜ್ವಾಳದ ಕಣಕಿ ಹೊದಿಸುತ್ತೇವೆ. ಥಂಡಿ ರಾತ್ರಿ ಪಂಪನ್ನು ತಾಸಿಗೆ ಐದು ನಿಮಿಷ ಮಾತ್ರ ಓಡಿಸುತ್ತೇವೆ. ಖಡಿ ಮಡಿ ಬಯಲಲ್ಲಿರುವುದರಿಂದ ರಾತ್ರಿಯಿಡೀ ನೀರು ಹರಿದರೆ ನಾವೇ ಟಾಕಿ ತಣ್ಣಗೆ ಮಾಡಿದಂತೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಥರ್ಮಾಮೀಟರ್ ಹಿಡಿದು ನಾಲ್ಕು ರಾತ್ರಿ ಕೂತು ಕಂಡದ್ದು. ಎರಡು ಡಿಗ್ರಿ ಫರಕು ಬೀಳುತ್ತದೆ.

ಪಲ್ಲೆಗಳಲ್ಲಿ ಮೆಂತೆ, ಪಾಲಕ, ರಾಜಗಿರಿ, ಕೊತ್ತಂಬರಿ ಚೆನ್ನಾಗಿ ಬರುತ್ತವೆ. ರಾಜಗಿರಿ ಡಿಸೆಂಬರಿನಲ್ಲಿ ಕುಂಟುತ್ತದೆ. ಟೊಮ್ಯಾಟೊ ಹೂ ಬಿಟ್ಟರೂ ಕಾಯಿ ಸಣ್ಣ. ಮೀನಿನ ಕಾಳಿನಲ್ಲಿ ಪೊಟ್ಯಾಷ್ ಕಡಿಮೆ ಇರುವುದರಿಂದ ಕಾಯಿಪಲ್ಲೆಗೆ ಇದು ಸಾಲದು. ಮೂಲಂಗಿ ಖಡಿಯಲ್ಲಿ ಸೊಟ್ಟಾಗಿ ನೋಡುವಂತಿರಲಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ, ಚಿಲೇಟೆಡ್ ಕಬ್ಬಿಣ ಸ್ವಲ್ಪ ಹಾಕಬೇಕು. ಹೇನಿಗೆ ಬೂದಿ ಉದುರಿಸುವ ನಮ್ಮ ರೂಢಿ ಇಲ್ಲಿ ಬೇಡ, ಬೂದಿ ನೀರಿಗಿಳಿದರೆ ಪಿಎಚ್ ಏರುತ್ತದೆ. ಬೇವಿನೆಣ್ಣೆಯೂ ಬೇಡ, ಮೀನಿಗೆ ಆಗದು. ನೀರು ಚಿಮ್ಮಿಸಿ ತೊಳೆಯುವುದಷ್ಟೇ.

2023ರಲ್ಲಿ ಮಳೆ ಕೈಕೊಟ್ಟು ನಾಡಿನ ಬಹುತೇಕ ತಾಲೂಕು ಬರಪೀಡಿತವೆಂದು ಸಾರಿದರು. ನಮ್ಮ ಜ್ವಾಳ ಮೊಣಕಾಲೆತ್ತರಕ್ಕೇ ಒಣಗಿತು. ಹಿಡಿಯಲು ಮಳೆನೀರೂ ಇರಲಿಲ್ಲ, ಎಲೆ ಹಳದಿಯಾದವು, ಕಬ್ಬಿಣ ಎರಡು ಸಲ ಹಾಕಬೇಕಾಯಿತು. ಆದರೆ ಟಾಕಿ ಕೇಳಿದ್ದು ದಿನಕ್ಕೆ ಎರಡೇ ಕೊಡ ನೀರು. ಓಣಿಯಲ್ಲಿ ಆ ಜನವರಿಯಲ್ಲಿ ಹಸಿರು ಪಲ್ಲೆ ಕಿತ್ತದ್ದು ನಮ್ಮ ಹಿತ್ತಲೊಂದರಲ್ಲೇ.

ಲಾಭದ ಮಾತು ಕೇಳುವವರಿಗೆ: ಕಟ್ಟಲು 27,000 ರೂಪಾಯಿ ಹಿಡಿಯಿತು. ವರ್ಷಕ್ಕೆ ಕಾಳಿಗೆ 1,100, ಕರೆಂಟು ತಿಂಗಳಿಗೆ ಹದಿನೇಳು ಯೂನಿಟ್. ಮಾರ್ಚಿನಲ್ಲಿ ಮೂವತ್ತೆಂಟು ಮೀನು, ಹನ್ನೊಂದು ಕೆಜಿ, 1,540 ರೂಪಾಯಿಗೆ ಕೊಟ್ಟೆ. ಮೀನಿನಿಂದ ಉಳಿತಾಯವಿಲ್ಲ. ಆರು ಮಂದಿಯ ಮನೆಗೆ ನಾಲ್ಕು ತಿಂಗಳು ಸಂತಿಯಿಂದ ಸೊಪ್ಪು ತರಲಿಲ್ಲ, ಅದಷ್ಟೇ ಬಂದದ್ದು. ರೊಕ್ಕ ಮಾಡಲೆಂದು ಕಟ್ಟುವವರು ಕಟ್ಟಬೇಡಿರಿ.

ಅವ್ವ ಎರಡನೇ ವರ್ಷ ಒಂದು ಕರಾರು ಹಾಕಿದ್ದಳು: ಒಂದು ಮೀನು ಸುಮ್ಮನೆ ಸತ್ತರೂ ಟಾಕಿ ಮುಚ್ಚಬೇಕು. ಎರಡು ಮೀನು ಹಾರಿ ಹೊರಗೆ ಬಿದ್ದು ಬೆಕ್ಕಿನ ಪಾಲಾದವು. ಬೆಕ್ಕಿನದು ಲೆಕ್ಕಕ್ಕಿಲ್ಲ ಎಂದು ಅವಳೇ ಮಾಫಿ ಮಾಡಿದಳು. ಪಲ್ಲೆ ಮಾತ್ರ ವರ್ಷವಿಡೀ ಮುಟ್ಟಲಿಲ್ಲ. "ಶಗಣಿ ಗೊಬ್ಬರದ ಜ್ವಾಳ ಉಣ್ಣತೀಯಲ್ಲ ಅವ್ವಾ" ಅಂದರೆ, "ಆಕಳು ಬ್ಯಾರೆ, ಮೀನು ಬ್ಯಾರೆ" ಅನ್ನುತ್ತಿದ್ದಳು. ಬರದ ವರ್ಷ ಮೆಂತೆ ಉಂಡಳು, ಪಾಲಕ ಇವತ್ತಿಗೂ ಇಲ್ಲ. ಮೀನು ಒಯ್ಯುವವರು ಬರುವ ದಿನ ತಂಗಿಯ ಊರಿಗೆ ಹೋಗುತ್ತಾಳೆ. ಎಲ್ಲಿಗೆ ಹೋದವು ಎಂದು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಬೈಲಹೊಂಗಲ ಕಡೆಯ ಬೀಗರು ಈ ವರ್ಷ ಹೊಸದಾಗಿ ಕಟ್ಟುತ್ತಿದ್ದಾರೆ. ಹೆಪ್ಪಿಗೆಂದು ನಮ್ಮ ಮಡಿಯಿಂದ ಒಂದು ಬುಟ್ಟಿ ಖಡಿ ಕೇಳಿದ್ದಾರೆ. ಹಸಿ ಗೋಣಿಯಲ್ಲಿ ಸುತ್ತಿ, ಒಣಗಗೊಡದೆ ಅವತ್ತೇ ಒಯ್ಯಬೇಕು. ಅವರ ಬೋರಿನ ನೀರಿನ ಪಿಎಚ್ 8.5 ಇದೆಯಂತೆ. ಮೀನಿನ ಟಾಕಿಗಿಂತ ಮೊದಲು ಮಳೆನೀರಿನ ಟಾಕಿ ಕಟ್ಟಿಸಿರಿ ಎಂದು ಹೇಳಿ ಕಳಿಸಿದ್ದೇನೆ.