ಕೂದಲು ಉದುರುತ್ತಿದೆಯೇ? ಮೊದಲು ಬಾಟಲಿಯ ಸಣ್ಣ ಅಕ್ಷರ ಓದಿ

ಶಿರಾಲಿಯ ನನ್ನ ಚಿಕ್ಕಮ್ಮನ ಮಗ ಗಲ್ಫ್‌ನಿಂದ ರಜೆಗೆ ಬಂದಿದ್ದ. ವಯಸ್ಸು 26. ಮನೆಯೊಳಗೂ ಟೋಪಿ ತೆಗೆಯಲಿಲ್ಲ. ರಾತ್ರಿ ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತು ಚೀಲ ಬಿಚ್ಚಿದ. ಈರುಳ್ಳಿ ಎಣ್ಣೆ, ಬಯೋಟಿನ್ ಗಮ್ಮಿ, ಒಂದು ಸೀರಮ್, ರೀಲ್ ನೋಡಿ ತರಿಸಿದ ‘ಆದಿವಾಸಿ’ ಎಣ್ಣೆ. “ಎಂಟು ಸಾವಿರ ಹೋಯ್ತು ಅಣ್ಣ. ಅಲ್ಲಿಯ ನೀರೇ ಸರಿ ಇಲ್ಲ. ಇಲ್ಲಿ ಮದುವೆ ಮಾತು ಬೇರೆ ನಡೀತಾ ಉಂಟು. ಇದ್ರಲ್ಲಿ ಯಾವ್ದು ಹಚ್ಚುದು ಹೇಳು.”

ನಾನು ಡಾಕ್ಟರ್ ಅಲ್ಲ, ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿತ ಒಂದು ಪಾಠ ಇಲ್ಲಿಗೂ ಹೊಂದುತ್ತೆ: ರಿಪೇರಿಗೆ ಕೈ ಹಾಕುವ ಮುಂಚೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗಬೇಕು.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಅದಕ್ಕಿಂತ ಹೆಚ್ಚು ಉದುರಿದರೆ ಕಾರಣ ಒಂದೇ ಇರಬೇಕೆಂದಿಲ್ಲ. ಡೆಂಗಿ, ಟೈಫಾಯ್ಡ್, ಹೆರಿಗೆ, ಊಟ ಬಿಟ್ಟು ಮಾಡುವ ಡಯಟ್ ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಬಹುದು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ತಾನಾಗಿಯೇ ನಿಂತು, ಕೂದಲು ವಾಪಸ್ ಬರುತ್ತೆ. ಕ್ರೆಡಿಟ್ ಮಾತ್ರ ಆ ಹೊತ್ತಿಗೆ ಹಚ್ಚುತ್ತಿದ್ದ ಎಣ್ಣೆಗೆ ಹೋಗುತ್ತೆ! “ನಂಗೆ ಕೆಲಸ ಮಾಡ್ತು” ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಪುರಾವೆಯೂ ಅಲ್ಲ.

ಹೆಣ್ಣುಮಕ್ಕಳಲ್ಲಿ ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ತೊಂದರೆಯನ್ನೂ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಇವರಿಗೆ ಬೇಕಾದ್ದು ರಕ್ತಪರೀಕ್ಷೆ, ಸೀರಮ್ ಅಲ್ಲ.

ನನ್ನ ತಮ್ಮನದು ಬೇರೆ ಕತೆ. ಹಣೆಯ ಎರಡೂ ಬದಿಯಿಂದ ಕೂದಲು ಹಿಂದೆ ಸರಿಯುತ್ತಿದೆ. ಚಿಕ್ಕಪ್ಪನಿಗೂ ಹಾಗೇ ಆಗಿತ್ತು. ಇದು ವಂಶವಾಹಿ ಮತ್ತು ಡಿಎಚ್‌ಟಿ ಎಂಬ ಹಾರ್ಮೋನಿನ ಆಟ. ಗಡಸು ನೀರು ಕೂದಲನ್ನು ಒರಟು ಮಾಡಬಹುದು, ಬೋಳು ಮಾಡುವುದಿಲ್ಲ.

ಈ ಬಗೆಗೆ ಗಟ್ಟಿ ಪುರಾವೆ ಇರುವ ಮದ್ದುಗಳು ಕೆಲವೇ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಗುಳಿಗೆಯಾಗಿತ್ತು. ತಿಂದವರಿಗೆ ಮೈತುಂಬಾ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ದ್ರಾವಣ ಮಾಡಿದರು. ಅಮೆರಿಕದಲ್ಲಿ ಇದಕ್ಕೆ 1988ರಲ್ಲಿ ಅನುಮತಿ ಸಿಕ್ಕಿತು. ಹಚ್ಚಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು, ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಬಿಟ್ಟರೆ ಬಂದದ್ದೂ ಹೋಗುತ್ತೆ. ಗಂಡಸರ ಬೋಳುತನಕ್ಕೆ 1997ರಲ್ಲಿ ಒಪ್ಪಿಗೆ ಪಡೆದ ಫಿನಾಸ್ಟೆರೈಡ್ ಡಿಎಚ್‌ಟಿಯನ್ನು ತಗ್ಗಿಸುತ್ತೆ. ಕೆಲವರಿಗೆ ಲೈಂಗಿಕ ಅಡ್ಡಪರಿಣಾಮ ಆಗುತ್ತೆ, ಗರ್ಭಿಣಿಯರಿಗೆ ಸಲ್ಲದು. ಚರ್ಮವೈದ್ಯರನ್ನು ಕೇಳದೆ ನುಂಗುವ ಗುಳಿಗೆಯಲ್ಲ ಇದು. ಬಯೋಟಿನ್? ಅದರ ಕೊರತೆ ಇರುವವರೇ ಅಪರೂಪ. ಹೆಚ್ಚು ತಿಂದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ಏರುಪೇರಾಗಬಹುದು.

ಈಗ ‘ಆದಿವಾಸಿ’ ಎಣ್ಣೆಗೆ ಬರೋಣ. ಇದರ ಹಿಂದೆ ಇರುವವರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ. ಹಕ್ಕಿ ಹಿಡಿದು ಬದುಕುತ್ತಿದ್ದ ಈ ಸಮುದಾಯಕ್ಕೆ 1972ರ ವನ್ಯಜೀವಿ ಕಾಯ್ದೆಯ ನಂತರ ಆ ದಾರಿ ಮುಚ್ಚಿತು. ಗಿಡಮೂಲಿಕೆ, ಎಣ್ಣೆ ಹಿಡಿದು ಊರೂರು, ದೇಶದೇಶ ತಿರುಗಿದರು. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಈ ಸಮುದಾಯದವರೂ ಇದ್ದರು. ಅದೇ ಎಣ್ಣೆ ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಓಡಿತು.

ಅವರ ದುಡಿಮೆಗೆ ನನ್ನ ಗೌರವ ಇದೆ. ಆದರೆ ಗೌರವ ಬೇರೆ, ಪುರಾವೆ ಬೇರೆ. 108 ಮೂಲಿಕೆ ಎಂಬ ಪಟ್ಟಿಯಿಂದ ಕೂದಲು ಹುಟ್ಟುತ್ತೆ ಅಂತ ಸಾಬೀತಾಗುವುದಿಲ್ಲ. ಇದೇ ಅಳತೆ ದೊಡ್ಡ ಕಂಪನಿಗಳಿಗೂ ಬೀಳಬೇಕು. ‘ಹೇರ್ ಫಾಲ್ ಕಂಟ್ರೋಲ್’ ಪಕ್ಕದ ಸಣ್ಣ ಚುಕ್ಕಿ ಗುರುತು ಹಿಡಿದು ಬಾಟಲಿಯ ಕೆಳಗೆ ನೋಡಿ. ಎಷ್ಟೋ ಕಡೆ ‘ತುಂಡಾಗುವುದರಿಂದ ಉದುರುವ ಕೂದಲಿಗೆ ಮಾತ್ರ’ ಎಂಬರ್ಥದ ಸಾಲಿರುತ್ತೆ. ಬುಡದಿಂದ ಹೋಗುವ ಕೂದಲಿನ ಬಗ್ಗೆ ಅವರು ಮಾತೇ ಕೊಟ್ಟಿಲ್ಲ.

ಕಾನೂನು ಇಲ್ಲ ಅಂತಲ್ಲ. 1945ರ ಔಷಧ ನಿಯಮಗಳ ‘ಶೆಡ್ಯೂಲ್ ಜೆ’ ಪಟ್ಟಿಯಲ್ಲಿ ಬೋಳುತನವೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಇವನ್ನು ಗುಣಪಡಿಸುತ್ತೇವೆ ಅಂತ ಔಷಧದ ಮೇಲೆ ಹೇಳಿಕೊಳ್ಳುವಂತಿಲ್ಲ. 2019ರ ಗ್ರಾಹಕ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಅದನ್ನು ಹೊಗಳಿದ ತಾರೆಗೂ ಸೇರಿ. ದೂರು ಕೊಡಲು ಸಹಾಯವಾಣಿ 1915. ಕರೆ ಮಾಡುವವರು ಮಾತ್ರ ಕಡಿಮೆ, ಯಾಕೆಂದರೆ ಬೋಳುತಲೆಯ ಜೊತೆ ನಾಚಿಕೆಯೂ ಇದೆ. ಈ ಮಾರುಕಟ್ಟೆ ನಿಂತಿರುವುದೇ ಆ ನಾಚಿಕೆಯ ಮೇಲೆ.

ಹಾಗಾದರೆ ಅಮ್ಮ ಹಚ್ಚುವ ತೆಂಗಿನೆಣ್ಣೆ, ದಾಸವಾಳದ ಸೊಪ್ಪು? ಹಚ್ಚಿ, ಸುಖ ಇದೆ. ತೆಂಗಿನೆಣ್ಣೆ ಕೂದಲಿನ ಎಳೆಯಿಂದ ಪ್ರೊಟೀನ್ ನಷ್ಟವಾಗುವುದನ್ನು ತಗ್ಗಿಸುತ್ತೆ. ಹೊಸ ಕೂದಲು ಹುಟ್ಟಿಸುವುದಿಲ್ಲ. ತಮಾಷೆ ಅಂದರೆ, ಚಿಕ್ಕ ಬಾಟಲಿಯ ತೆಂಗಿನೆಣ್ಣೆ ಅಡುಗೆಯದೋ ತಲೆಯದೋ ಎಂಬ ತೆರಿಗೆ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಲೇಬಲ್ ಮೇಲೆ ‘ಹೇರ್ ಆಯಿಲ್’ ಅಂತ ಇಲ್ಲದಿದ್ದರೆ ಅದು ಖಾದ್ಯತೈಲವೇ ಎಂದು 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು.

ತಮ್ಮನಿಗೆ ಹೇಳಿದ್ದು ಇಷ್ಟು: ಮೊದಲು ಚರ್ಮವೈದ್ಯರ ಹತ್ತಿರ ಹೋಗು. ಒಂದು ಸಲಕ್ಕೆ ಒಂದೇ ಮದ್ದು, ಆರು ತಿಂಗಳು. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಒಂದು ಫೋಟೋ. ಏನೂ ಮಾಡದೆ ಹಾಗೇ ಬಿಡುವುದೂ ಒಂದು ಆಯ್ಕೆಯೇ, ಅದಕ್ಕೆ ಖರ್ಚಿಲ್ಲ.

“ಮತ್ತೆ ಹುಡುಗಿ ಮನೆಯವರು ಕೇಳಿದ್ರೆ?”

“ಟೋಪಿ ಹಾಕದೆ ಹೋಗು. ಮದುವೆಯಾದ ಮೇಲೆ ಗೊತ್ತಾಗೋದಕ್ಕಿಂತ ಈಗಲೇ ನೋಡ್ಲಿ.”

ಬಯೋಟಿನ್ ಡಬ್ಬಿ ಮಾತ್ರ ಚಿಕ್ಕಮ್ಮ ತೊಳೆದು ಸಾಸಿವೆ ತುಂಬಲು ಇಟ್ಟುಕೊಂಡರು.